ರೇಷ್ಮೆಯ ಎಳೆ ಮತ್ತು ಲಾರ್ಡ್ ಕೆಲ್ವಿನ್

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಿನ ಹೊತ್ತು ಹೋದವರು ಅಲ್ಲಿಯ ಗದ್ದಲವನ್ನು ಮರೆಯಲಾರರು. ಕನಕಪುರ, ಮಾಗಡಿ, ಚನ್ನಪಟ್ಟಣಗಳ ಹಳ್ಳಿಗಳಿಂದ ರೈತರು ಗೂಡಿನ ಮೂಟೆಗಳನ್ನು ಹೊತ್ತು ತಂದು ರಾಶಿ ಹಾಕುತ್ತಾರೆ. ನೂಲು ಬಿಚ್ಚುವವರು ಗೂಡನ್ನು ಕೈಗೆತ್ತಿಕೊಂಡು ಅಲುಗಿಸಿ, ಒತ್ತಿ ನೋಡಿ ಬೆಲೆ ಕಟ್ಟುತ್ತಾರೆ. ಹರಾಜು ಮುಗಿದ ಮೇಲೆ ಗೂಡು ತಕ್ಕಡಿಗೆ ಏರುತ್ತದೆ. ಆ ಗಳಿಗೆಯಲ್ಲಿ ರೈತನ ಕಣ್ಣು ಬೇರೆಲ್ಲಿಯೂ ಇರುವುದಿಲ್ಲ. ಒಂದು ತಿಂಗಳ ಕಾಲ ಹಗಲಿರುಳೆನ್ನದೆ ಸೊಪ್ಪು ಹಾಕಿ, ಹುಳು ಸಾಕಿ, ಚಂದ್ರಿಕೆಗೆ ಬಿಟ್ಟು ಪಡೆದ ಫಲವು ಕೆಲವು ಅಂಕಿಗಳಾಗಿ ತಕ್ಕಡಿಯ ಫಲಕದ ಮೇಲೆ ಮಿನುಗುತ್ತದೆ.

ಈ ತಕ್ಕಡಿಗೆ ತೂಕದ ಬಟ್ಟುಗಳಿಲ್ಲ, ಮುಳ್ಳೂ ಇಲ್ಲ. ಅದರ ಒಡಲಲ್ಲಿ ಒಂದು ಲೋಹದ ತುಂಡು ಇದೆ. ಆ ತುಂಡಿಗೆ ಕೂದಲಿಗಿಂತ ತೆಳುವಾದ ಲೋಹದ ಎಳೆಯೊಂದನ್ನು ಹಾವಿನ ಸುರುಳಿಯಂತೆ ಮಡಿಸಿ ಅಂಟಿಸಿರುತ್ತಾರೆ. ಗೂಡಿನ ಭಾರಕ್ಕೆ ಲೋಹವು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರೊಡನೆ ಎಳೆಯೂ ಹಿಗ್ಗುತ್ತದೆ. ಹಿಗ್ಗಿದ ಎಳೆಯು ತನ್ನಲ್ಲಿ ಹರಿಯುವ ವಿದ್ಯುತ್ತನ್ನು ಹಿಂದಿಗಿಂತ ತುಸು ಹೆಚ್ಚಾಗಿ ತಡೆಯುತ್ತದೆ. ಆ ತಡೆಯನ್ನು ಅಳೆದರೆ ತೂಕ ತಿಳಿಯುತ್ತದೆ. ಎಳೆದ ತಂತಿಯ ಈ ಗುಣವನ್ನು ಮೊದಲು ಅಳೆದು ಲೋಕಕ್ಕೆ ತಿಳಿಸಿದವನು ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು ಇವನೇ. ತಂತಿಯ ಗುಣವನ್ನು ಅರಿತ ಈ ವಿಜ್ಞಾನಿಯೇ, ರೇಷ್ಮೆಗೂಡಿನಿಂದ ಬಿಚ್ಚಿದ ಒಂದೇ ಒಂದು ಎಳೆಯನ್ನು ನಂಬಿ ಎರಡು ಖಂಡಗಳ ನಡುವೆ ಮಾತು ಹರಿಯುವಂತೆ ಮಾಡಿದನು.

ವಿಲಿಯಂ ಥಾಮ್ಸನ್ 1824ನೆಯ ಇಸವಿ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಹುಟ್ಟಿದನು. ತಂದೆ ಜೇಮ್ಸ್ ಥಾಮ್ಸನ್ ಗಣಿತದ ಉಪಾಧ್ಯಾಯ. ವಿಲಿಯಂ ಆರು ವರ್ಷದವನಾಗಿದ್ದಾಗ ತಾಯಿ ತೀರಿಕೊಂಡಳು. ತಾಯಿಯಿಲ್ಲದ ಮಕ್ಕಳಿಗೆ ತಂದೆಯೇ ತಾಯಿಯೂ ಆದನು, ಗುರುವೂ ಆದನು. 1832ರಲ್ಲಿ ತಂದೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. ಕುಟುಂಬವೆಲ್ಲ ಅಲ್ಲಿಗೆ ಹೋಗಿ ನೆಲಸಿತು. ಹುಡುಗನು ತನ್ನ ಹತ್ತನೆಯ ವಯಸ್ಸಿನಲ್ಲಿಯೇ ವಿಶ್ವವಿದ್ಯಾನಿಲಯದ ತರಗತಿಗೆ ಸೇರಿದನು. ಆ ಕಾಲದಲ್ಲಿ ಅಲ್ಲಿ ಎಳೆಯ ಮಕ್ಕಳನ್ನು ಸೇರಿಸಿಕೊಳ್ಳುವ ವಾಡಿಕೆ ಇತ್ತಾದರೂ ತನಗಿಂತ ದೊಡ್ಡವರನ್ನು ಹಿಂದಿಕ್ಕುವ ಹುಡುಗರು ವಿರಳವಾಗಿದ್ದರು.

ಹದಿನಾರನೆಯ ವರ್ಷದಲ್ಲಿ ಅವನ ಕೈಗೆ ಒಂದು ಗ್ರಂಥ ಬಂದಿತು. ಫ್ರಾನ್ಸಿನ ಗಣಿತಜ್ಞ ಫೂರ್ಯೇ ಬರೆದ ಆ ಗ್ರಂಥದಲ್ಲಿ ಉಷ್ಣವು ಘನವಸ್ತುವಿನೊಳಗೆ ಹೇಗೆ ಹರಿಯುತ್ತದೆ ಎಂಬುದರ ಗಣಿತವಿತ್ತು. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಕುಲುಮೆಯಲ್ಲಿಟ್ಟರೆ ಇನ್ನೊಂದು ತುದಿಗೆ ಬಿಸಿ ಯಾವಾಗ ತಟ್ಟುತ್ತದೆ, ಎಷ್ಟು ತಟ್ಟುತ್ತದೆ ಎಂಬಂಥ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿತ್ತು. ವಿಲಿಯಂ ಅದನ್ನು ಎರಡು ವಾರಗಳಲ್ಲಿ ಓದಿ ಅರಗಿಸಿಕೊಂಡನು. ಹಿರಿಯ ವಿದ್ವಾಂಸನೊಬ್ಬನು ಫೂರ್ಯೇಯ ಗಣಿತ ತಪ್ಪೆಂದು ಬರೆದಿದ್ದನು. ಹುಡುಗನು ಅದನ್ನು ಒಪ್ಪದೆ, ತನ್ನ ಹೆಸರನ್ನು ಮರೆಮಾಡಿ, 1841ರಲ್ಲಿ ಉತ್ತರವಾಗಿ ಒಂದು ಲೇಖನವನ್ನು ಪ್ರಕಟಿಸಿದನು. ಈ ಗ್ರಂಥದ ಋಣ ಅವನ ಬಾಳಿನ ಉದ್ದಕ್ಕೂ ಹಬ್ಬಿತು. ಅವನ ದೊಡ್ಡ ಗೆಲುವಿಗೂ ಅದೇ ಕಾರಣ, ದೊಡ್ಡ ಸೋಲಿಗೂ ಅದೇ ಕಾರಣ ಎಂಬುದು ಮುಂದೆ ತಿಳಿಯುತ್ತದೆ.

1841ರಲ್ಲಿ ಅವನು ಕೇಂಬ್ರಿಜ್ ಸೇರಿದನು. ಅಲ್ಲಿ ಓದಿನೊಡನೆ ದೋಣಿ ನಡೆಸುವುದರಲ್ಲಿಯೂ ಬಹುಮಾನ ಗಳಿಸಿದನು. 1845ರ ಅಂತಿಮ ಪರೀಕ್ಷೆಯಲ್ಲಿ ಅವನಿಗೆ ದೊರೆತುದು ಎರಡನೆಯ ಸ್ಥಾನ. ಮೊದಲನೆಯ ಸ್ಥಾನ ಅವನದೇ ಎಂದು ನಂಬಿದ್ದವರಿಗೆ ಇದು ಆಶ್ಚರ್ಯ. ಅನಂತರ ಪ್ಯಾರಿಸ್ಸಿಗೆ ಹೋಗಿ ರೆನ್ಯೋ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿ, ಕೈಯಿಂದ ಅಳೆಯುವ ವಿದ್ಯೆಯನ್ನು ಕಲಿತನು. 1846ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾದನು. ಮುಂದೆ 53 ವರ್ಷಗಳ ಕಾಲ ಆ ಪೀಠವನ್ನು ಅವನು ಬಿಡಲಿಲ್ಲ. ಕೇಂಬ್ರಿಜ್ಜಿನಿಂದ ಕರೆ ಬಂದರೂ ಹೋಗಲಿಲ್ಲ.

ಪಾಠ ಹೇಳುವುದರಲ್ಲಿ ಅವನು ನಿಪುಣನೆಂದು ಹೇಳುವಂತಿಲ್ಲ. ಪಾಠದ ನಡುವೆ ಹೊಸ ಯೋಚನೆಯೊಂದು ಹೊಳೆದರೆ ಅದರ ಹಿಂದೆಯೇ ಹೋಗಿಬಿಡುತ್ತಿದ್ದನು. ಸಾಮಾನ್ಯ ವಿದ್ಯಾರ್ಥಿಗಳು ದಾರಿ ತಪ್ಪಿದ ಕುರಿಗಳಂತೆ ಕುಳಿತಿರುತ್ತಿದ್ದರು. ಆದರೆ ಅವನು ಮಾಡಿದ ಇನ್ನೊಂದು ಕೆಲಸ ಯಾವ ಒಳ್ಳೆಯ ಉಪನ್ಯಾಸಕ್ಕಿಂತಲೂ ದೊಡ್ಡದು. ಅಂದು ವಿದ್ಯಾರ್ಥಿಗಳು ಪ್ರಯೋಗಗಳನ್ನು ದೂರದಿಂದ ನೋಡುತ್ತಿದ್ದರೇ ಹೊರತು ಉಪಕರಣಗಳನ್ನು ಮುಟ್ಟುತ್ತಿರಲಿಲ್ಲ. ಥಾಮ್ಸನ್ ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿದ್ದ ದ್ರಾಕ್ಷಾರಸದ ಉಗ್ರಾಣವೊಂದನ್ನು ಬಿಡಿಸಿಕೊಂಡು, ಅಲ್ಲಿ ವಿದ್ಯಾರ್ಥಿಗಳ ಕೈಗೆ ತಂತಿ, ತೂಕದ ಬಟ್ಟು, ವಿದ್ಯುತ್ಕೋಶಗಳನ್ನು ಕೊಟ್ಟನು. ಬ್ರಿಟನ್ನಿನಲ್ಲಿ ವಿದ್ಯಾರ್ಥಿಗಳಿಗಾಗಿ ಏರ್ಪಟ್ಟ ಮೊದಲ ಭೌತವಿಜ್ಞಾನ ಪ್ರಯೋಗಶಾಲೆ ಅದು.

ಉಷ್ಣದ ವಿಷಯದಲ್ಲಿ ಅವನು ಮಾಡಿದ ಕೆಲಸವನ್ನು ವಿಜ್ಞಾನದ ಪುಸ್ತಕದಲ್ಲಿ ಓದುವುದೇ ಲೇಸು. 1848ರಲ್ಲಿ ಅವನು ನಿರಪೇಕ್ಷ ಉಷ್ಣಮಾನವನ್ನು ಸೂಚಿಸಿದನು. ಅದರ ಸೊನ್ನೆಯು ಮಂಜುಗಡ್ಡೆ ಕರಗುವ ಬಿಂದುವಿಗಿಂತ 273 ಡಿಗ್ರಿ ಕೆಳಗಿದೆ. ಅದಕ್ಕಿಂತ ಹೆಚ್ಚಿನ ತಣ್ಪು ಎಂಬುದು ಇಲ್ಲ. ಇಂದು ವಿಜ್ಞಾನಿಗಳು ಉಷ್ಣತೆಯನ್ನು ಹೇಳುವ ಮಾನಕ್ಕೆ ಕೆಲ್ವಿನ್ ಎಂದೇ ಹೆಸರು.

ನಮ್ಮ ತಕ್ಕಡಿಯ ಕಥೆ ಆರಂಭವಾಗುವುದು ಆ ನೆಲಮಾಳಿಗೆಯ ಪ್ರಯೋಗಶಾಲೆಯಲ್ಲಿ. ಲೋಹವನ್ನು ಬಿಸಿ ಮಾಡಿದರೆ, ಕಾಂತದ ನಡುವೆ ಇಟ್ಟರೆ, ತಿರುಚಿದರೆ, ಎಳೆದರೆ ಅದರ ವಿದ್ಯುದ್ಗುಣಗಳು ಹೇಗೆ ಬದಲಾಗುತ್ತವೆ ಎಂದು ಅವನು ಒಂದೊಂದಾಗಿ ಪರೀಕ್ಷಿಸತೊಡಗಿದನು. ತಾಮ್ರದ ತಂತಿ, ಕಬ್ಬಿಣದ ತಂತಿ ಇವುಗಳಿಗೆ ಭಾರವನ್ನು ತೂಗಿಬಿಟ್ಟು, ಭಾರವಿದ್ದಾಗ ಮತ್ತು ಇಲ್ಲದಾಗ ಅವುಗಳ ವಿದ್ಯುತ್ ರೋಧವನ್ನು ಹೋಲಿಸಿ ನೋಡಿದನು. ಎರಡು ತಂತಿಗಳಲ್ಲಿಯೂ ಎಳೆತದಿಂದ ರೋಧ ಹೆಚ್ಚಿತು. ಇದರಲ್ಲಿ ಒಂದು ಅಂಶ ಯಾರಿಗಾದರೂ ತಿಳಿಯುವಂಥದು. ಕಾಲುವೆ ಉದ್ದವಾಗಿ ಇಕ್ಕಟ್ಟಾದರೆ ನೀರು ಹರಿಯುವುದು ಕಷ್ಟ. ಹಾಗೆಯೇ ಎಳೆದ ತಂತಿ ಉದ್ದವಾಗುತ್ತದೆ, ತೆಳ್ಳಗಾಗುತ್ತದೆ, ವಿದ್ಯುತ್ತಿಗೆ ದಾರಿ ಕಠಿಣವಾಗುತ್ತದೆ. ಆದರೆ ಅಷ್ಟೇ ಆಗಿದ್ದರೆ ಒಂದೇ ಪ್ರಮಾಣದಲ್ಲಿ ಹಿಗ್ಗಿದ ತಾಮ್ರಕ್ಕೂ ಕಬ್ಬಿಣಕ್ಕೂ ಬದಲಾವಣೆ ಒಂದೇ ಆಗಿರಬೇಕಾಗಿತ್ತು. ಕಬ್ಬಿಣದಲ್ಲಿ ಅದು ಹೆಚ್ಚಾಗಿತ್ತು. ಆದುದರಿಂದ ಎಳೆತವು ಲೋಹದ ಹೊರ ಅಳತೆಯನ್ನು ಮಾತ್ರವಲ್ಲದೆ ಒಳಗುಣವನ್ನೂ ಬದಲಿಸುತ್ತದೆ ಎಂದು ಅವನು ತೀರ್ಮಾನಿಸಿದನು. 1856ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಪ್ರಯೋಗಗಳ ವಿವರವನ್ನು ಮಂಡಿಸಿದನು. ಅದರಿಂದ ಏನು ಉಪಯೋಗವೆಂದು ಅಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಬದಲಾವಣೆ ಅಷ್ಟು ಅಲ್ಪ. ತಂತಿಯೊಂದನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗಿಸಿದರೆ ರೋಧದಲ್ಲಿ ಆಗುವ ವ್ಯತ್ಯಾಸ ಸಾಮಾನ್ಯವಾಗಿ ಸಾವಿರದಲ್ಲಿ ಎರಡು ಪಾಲಿನ ಆಸುಪಾಸು.

ಅದೇ 1856ರಲ್ಲಿ ಅವನನ್ನು ಬೇರೊಂದು ಸಾಹಸ ಸೆಳೆದುಕೊಂಡಿತು. ಅಮೆರಿಕಕ್ಕೂ ಬ್ರಿಟನ್ನಿಗೂ ನಡುವೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಹಾಸಿ ಟೆಲಿಗ್ರಾಫ್ ಸಂದೇಶ ಕಳುಹಿಸಬೇಕೆಂದು ಒಂದು ಕಂಪನಿ ಹುಟ್ಟಿಕೊಂಡಿತು. ಥಾಮ್ಸನ್ ಅದರ ನಿರ್ದೇಶಕರಲ್ಲಿ ಒಬ್ಬನಾದನು. ಹಡಗಿನಲ್ಲಿ ಕಾಗದ ಹೋಗಿ ಮುಟ್ಟಲು ವಾರಗಳೇ ಬೇಕಾಗಿದ್ದ ಕಾಲ ಅದು. ಸುಮಾರು 2000 ಮೈಲಿ ಉದ್ದದ ತಂತಿಯನ್ನು ಸಾಗರದಲ್ಲಿ ಇಳಿಸುವುದೇ ಅಸಾಧ್ಯವೆಂದು ಹಲವರು ನಂಬಿದ್ದರು. ಇಳಿಸಿದ ಮೇಲೆ ಅದರಲ್ಲಿ ಸಂದೇಶ ಹೋಗುತ್ತದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಆ ಪ್ರಶ್ನೆಗೆ ಥಾಮ್ಸನ್ ಆಗಲೇ ಉತ್ತರ ಕಂಡಿದ್ದನು. ನಡುವೆ ತಾಮ್ರದ ತಂತಿ, ಅದರ ಸುತ್ತ ಗಟ್ಟಾಪರ್ಚಾ ಎಂಬ ಮರದ ಹಾಲಿನ ಅಂಟು, ಹೊರಗೆ ಉಪ್ಪು ನೀರು. ಇಂಥ ಕೇಬಲ್ಲಿನಲ್ಲಿ ವಿದ್ಯುತ್ತು ಬಾಣದಂತೆ ಹಾರುವುದಿಲ್ಲ. ಕಾದ ಸಲಾಕೆಯಲ್ಲಿ ಬಿಸಿ ಹರಡುವಂತೆ ಮೆಲ್ಲಗೆ ಹರಡುತ್ತದೆ. ಹದಿನಾರರ ಹರೆಯದಲ್ಲಿ ಓದಿದ ಫೂರ್ಯೇಯ ಗಣಿತವೇ ಇಲ್ಲಿಯೂ ಒದಗಿತು. ಕೇಬಲ್ಲಿನ ಉದ್ದ ಎರಡರಷ್ಟಾದರೆ ಸಂಕೇತದ ವಿಳಂಬ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಆದುದರಿಂದ ತಾಮ್ರ ದಪ್ಪವಾಗಿರಬೇಕು, ಶುದ್ಧವಾಗಿರಬೇಕು. ವಿದ್ಯುತ್ತನ್ನು ಅಲ್ಪವಾಗಿ ಕೊಟ್ಟು, ಆಚೆಯ ದಡದಲ್ಲಿ ಅದರ ಮೊದಲ ಮಿಡಿತವನ್ನೇ ಹಿಡಿಯಬಲ್ಲ ಸೂಕ್ಷ್ಮ ಉಪಕರಣವಿರಬೇಕು ಎಂಬುದು ಅವನ ಸಿದ್ಧಾಂತ.

ಕಂಪನಿಯ ವಿದ್ಯುತ್ ಅಧಿಕಾರಿಯಾಗಿದ್ದ ವೈಟ್‌ಹೌಸ್ ಎಂಬುವನು ಇದನ್ನು ಒಪ್ಪಲಿಲ್ಲ. ಅವನು ವೃತ್ತಿಯಿಂದ ವೈದ್ಯ. ವಿದ್ಯುತ್ತಿನ ಪ್ರಯೋಗಗಳನ್ನು ಸ್ವಂತ ಆಸಕ್ತಿಯಿಂದ ಕಲಿತವನು. ದಪ್ಪ ತಾಮ್ರ ಬೇಕಿಲ್ಲ, ಒತ್ತಡ ಹೆಚ್ಚಿಸಿದರೆ ಸಂದೇಶ ನುಗ್ಗಿ ಹೋಗುತ್ತದೆ ಎಂದು ಅವನ ವಾದ. ತೆಳುವಾದ ಕೇಬಲ್ಲಿಗೆ ಖರ್ಚು ಕಡಿಮೆ. ಹಣ ಹಾಕಿದವರಿಗೆ ಅವನ ಮಾತೇ ರುಚಿಸಿತು.

1857ರ ಮೊದಲ ಪ್ರಯತ್ನದಲ್ಲಿ ಕೇಬಲ್ಲು ಸಾಗರದ ನಡುವೆ ತುಂಡಾಯಿತು. 1858ರ ಬೇಸಗೆಯಲ್ಲಿ ಮತ್ತೆ ಹೊರಟರು. ಹಡಗಿನಲ್ಲಿರಬೇಕಾಗಿದ್ದ ವೈಟ್‌ಹೌಸ್ ಅನಾರೋಗ್ಯದ ಕಾರಣ ಹೇಳಿ ದಡದಲ್ಲಿ ಉಳಿದನು. ಸಂಬಳವಿಲ್ಲದೆ ಅವನ ಬದಲು ಹೋದವನು ಥಾಮ್ಸನ್. ಆಗಮೆಮ್ನಾನ್ ಎಂಬ ಆ ಹಡಗು ಜೂನ್ ತಿಂಗಳಲ್ಲಿ ಭೀಕರ ಬಿರುಗಾಳಿಗೆ ಸಿಕ್ಕಿ ಮುಳುಗುವುದರಲ್ಲಿದ್ದಿತು. ಆ ತಿಂಗಳು ಕೇಬಲ್ಲು ಮತ್ತೆ ಮತ್ತೆ ಹರಿಯಿತು. ಕೊನೆಗೆ ಆಗಸ್ಟ್ 5ರಂದು ಐರ್ಲೆಂಡಿನ ವ್ಯಾಲೆನ್ಷಿಯಾಕ್ಕೂ ಅಮೆರಿಕದ ಕಡೆಯ ನ್ಯೂಫೌಂಡ್‌ಲೆಂಡಿಗೂ ತಂತಿಯ ಸಂಬಂಧ ಬೆಸೆಯಿತು.

ಈ ಹಡಗಿನಲ್ಲಿ ಥಾಮ್ಸನ್ ತನ್ನೊಡನೆ ಒಂದು ಪುಟ್ಟ ಉಪಕರಣವನ್ನು ಕೊಂಡೊಯ್ದಿದ್ದನು. ಅದರ ರಚನೆ ಬಹು ಸರಳ. ತಾಮ್ರದ ತಂತಿಯ ಸುರುಳಿಯೊಂದರ ನಡುವೆ ಬಟನ್ನಿನಷ್ಟು ಚಿಕ್ಕ ಕನ್ನಡಿ. ಅದರ ಬೆನ್ನಿಗೆ ಅಂಟಿಸಿದ ಉಕ್ಕಿನ ಸಣ್ಣ ಕಾಂತಗಳು. ಇವೆಲ್ಲವನ್ನೂ ತೂಗಿಬಿಟ್ಟಿದ್ದುದು ರೇಷ್ಮೆಯ ಒಂದು ಎಳೆ. ಸುರುಳಿಯಲ್ಲಿ ಲೇಶ ವಿದ್ಯುತ್ತು ಹರಿದರೂ ಕಾಂತದೊಡನೆ ಕನ್ನಡಿ ಹೊರಳುತ್ತದೆ. ದೀಪದ ಬೆಳಕು ಕನ್ನಡಿಗೆ ತಾಗಿ ದೂರದ ಅಳತೆಪಟ್ಟಿಯ ಮೇಲೆ ಚುಕ್ಕೆಯಾಗಿ ಬೀಳುವಂತೆ ಇಟ್ಟರೆ, ಕನ್ನಡಿಯ ಕಾಣದ ಹೊರಳಾಟ ಅಲ್ಲಿ ದೊಡ್ಡ ಚಲನೆಯಾಗಿ ಕಾಣುತ್ತದೆ. ಚುಕ್ಕೆ ಒಂದು ಕಡೆಗೆ ಸರಿದರೆ ಒಂದು ಸಂಜ್ಞೆ, ಇನ್ನೊಂದು ಕಡೆಗೆ ಸರಿದರೆ ಇನ್ನೊಂದು.

ರೇಷ್ಮೆಯೇ ಏಕೆ? ಹುಳುವು ಗೂಡು ಕಟ್ಟುವಾಗ ಬಾಯಿಂದ ಹೊರಬಿಡುವ ಎಳೆ ಒಂದೇ. ಕಡಿಯದೆ ಬಿಚ್ಚಿದರೆ ಅದು ನೂರಾರು ಮೀಟರು ಉದ್ದ ಬರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು. ಅದು ಭಾರವನ್ನು ಗಟ್ಟಿಯಾಗಿ ಹೊರುತ್ತದೆ, ಆದರೆ ತಿರುಚಿದರೆ ಪ್ರತಿಭಟಿಸುವುದಿಲ್ಲ ಎನ್ನುವಷ್ಟು ಮೆದು. ಹತ್ತಿಯ ದಾರ ಹಲವು ತುಂಡುನಾರುಗಳ ಹೊಸೆತ. ಅದು ತನ್ನ ಹುರಿಯನ್ನು ತಾನೇ ಬಿಚ್ಚಲು ಹವಣಿಸುತ್ತದೆ. ಲೋಹದ ತಂತಿ ಬಿರುಸು. ಹೀಗಾಗಿ ಎರಡು ಸಾವಿರ ಮೈಲಿ ನೀರಿನಡಿ ಸಾಗಿ ಸೋತು ಬಂದ ಮಿಡಿತಕ್ಕೆ ಅಡ್ಡಿ ಮಾಡದೆ ತಿರುಗಲು ಬಿಡುವ ಗುಣ ರೇಷ್ಮೆಯದಾಗಿತ್ತು. ರಾಮನಗರದ ಬಿಚ್ಚಣಿಕೆಯ ಮನೆಗಳಲ್ಲಿ ಬಿಸಿನೀರಿನ ತಟ್ಟೆಯಿಂದ ಎಳೆಯ ತುದಿಯನ್ನು ಬೆರಳಿಂದ ಹುಡುಕಿ ಹಿಡಿಯುವವರಿಗೆ ಆ ಮೃದುತ್ವ ಹೊಸದಲ್ಲ.

ದಡ ಮುಟ್ಟಿದ ಕೇಬಲ್ಲು ಮತ್ತೆ ವೈಟ್‌ಹೌಸನ ಕೈಗೆ ಹೋಯಿತು. ಅವನು ತಾನೇ ರೂಪಿಸಿದ ಯಂತ್ರಗಳನ್ನು ಜೋಡಿಸಿದನು. ಅವು ಸಂಜ್ಞೆಗಳನ್ನು ಹಿಡಿಯಲಾರದೆ ಹೋದಾಗ ಥಾಮ್ಸನ್ನನ ಕನ್ನಡಿಯನ್ನೇ ಆಶ್ರಯಿಸಬೇಕಾಯಿತು. ಬ್ರಿಟನ್ನಿನ ರಾಣಿಯು ಅಮೆರಿಕದ ಅಧ್ಯಕ್ಷನಿಗೆ ಕಳುಹಿಸಿದ ಸಂದೇಶದಲ್ಲಿ ಇದ್ದುದು 98 ಪದಗಳು. ಅವು ದಾಟಲು ಹಿಡಿದ ಕಾಲ 16 ಗಂಟೆ. ಆದರೂ ಜನರ ಸಂಭ್ರಮಕ್ಕೆ ಪಾರವಿರಲಿಲ್ಲ. ನ್ಯೂಯಾರ್ಕ್ ನಗರದಲ್ಲಿ ಹಾರಿಸಿದ ಬಾಣಬಿರುಸುಗಳಿಂದ ಪುರಭವನದ ಗೋಪುರಕ್ಕೇ ಬೆಂಕಿ ಹತ್ತಿತು.

ಈ ನಡುವೆ ವೈಟ್‌ಹೌಸ್ ಸುಮಾರು 2000 ವೋಲ್ಟ್ ಒತ್ತಡವನ್ನು ಕೇಬಲ್ಲಿಗೆ ಕೊಟ್ಟಿದ್ದನು. ಮೊದಲೇ ಬಲಹೀನವಾಗಿದ್ದ ಹೊದಿಕೆ ಅದನ್ನು ತಾಳಲಿಲ್ಲ. ದಿನದಿನಕ್ಕೆ ಸಂಜ್ಞೆಗಳು ಮಸುಕಾದವು. ಭಾರತದ ದಂಗೆ ಅಡಗುತ್ತ ಬಂದುದರಿಂದ ಕೆನಡಾದ ಎರಡು ದಂಡುಗಳು ಹಡಗು ಹತ್ತುವುದು ಬೇಡವೆಂಬ ಆಜ್ಞೆಯೊಂದು ಆಗಸ್ಟ್ ಕೊನೆಯಲ್ಲಿ ಹೇಗೋ ದಾಟಿ ಹೋಯಿತು; ಅದೊಂದರಿಂದಲೇ ಸರ್ಕಾರಕ್ಕೆ ಸುಮಾರು 50,000 ಪೌಂಡು ಉಳಿಯಿತಂತೆ. ಸೆಪ್ಟೆಂಬರ್ ಹೊತ್ತಿಗೆ ಕೇಬಲ್ಲು ಮೂಕವಾಯಿತು. ಹಬ್ಬ ಮಾಡಿದ ಜನರೇ ಅದೆಲ್ಲ ಕಟ್ಟುಕಥೆ ಎಂದು ಹಳಿದರು. ವೈಟ್‌ಹೌಸನನ್ನು ಕಂಪನಿ ಕೆಲಸದಿಂದ ತೆಗೆಯಿತು. ಎಲ್ಲ ದೋಷವನ್ನೂ ಅವನೊಬ್ಬನ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಬಲ್ಲನ್ನು ಅವಸರದಲ್ಲಿ ಮಾಡಿದವರೂ ಅದನ್ನು ಬಿಸಿಲು ಮಳೆಗಳಲ್ಲಿ ಬಿಟ್ಟವರೂ ಇದ್ದರು. ಆದರೆ ಗಣಿತ ಹೇಳಿದ ಎಚ್ಚರಿಕೆಯನ್ನು ಅಲಕ್ಷಿಸಿದ ಹೊಣೆಯಿಂದ ಅವನು ಪಾರಾಗಲಾರನು.

ಮತ್ತೆ ಕೇಬಲ್ಲು ಹಾಸಲು ಏಳು ವರ್ಷ ಕಾಯಬೇಕಾಯಿತು. ಆ ವರ್ಷಗಳು ಥಾಮ್ಸನ್ನನಿಗೆ ಸುಖದವಲ್ಲ. 1852ರಲ್ಲಿ ಕೈಹಿಡಿದ ಪತ್ನಿ ಮಾರ್ಗರೆಟ್ ಮದುವೆಯಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಾಗಿದ್ದಳು. 1860ರ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಆಟವಾಡುವಾಗ ಬಿದ್ದು ಅವನ ತೊಡೆಯ ಮೂಳೆ ಮುರಿಯಿತು, ಬಾಳಿನುದ್ದಕ್ಕೂ ಕುಂಟುವಂತಾಯಿತು. ಮಲಗಿದ್ದಾಗಲೂ ಹಸಿರು ಹೊದಿಕೆಯ ಟಿಪ್ಪಣಿಪುಸ್ತಕ ಕೈಬಿಡಲಿಲ್ಲ. ಅದು ಸದಾ ಅವನ ಅಂಗಿಯ ಜೇಬಿನಲ್ಲಿರುತ್ತಿತ್ತು; ರೈಲಿನಲ್ಲಾಗಲಿ ನೆಂಟರ ಮನೆಯಲ್ಲಾಗಲಿ ಲೆಕ್ಕ ಹೊಳೆದರೆ ಅಲ್ಲಿಯೇ ಬರೆಯುತ್ತಿದ್ದನು.

ಹೊಸ ಕೇಬಲ್ಲನ್ನು ಅವನ ಮಾತಿನಂತೆ ದಪ್ಪವಾದ, ಶುದ್ಧವಾದ ತಾಮ್ರದಿಂದ ಮಾಡಿದರು. ಗ್ರೇಟ್ ಈಸ್ಟರ್ನ್ ಎಂಬ ಮಹಾನೌಕೆ 1865ರಲ್ಲಿ ಅದನ್ನು ಹೊತ್ತು ಹೊರಟಿತು. ಮುಕ್ಕಾಲು ದಾರಿ ಕಳೆಯುವುದರೊಳಗೆ ಕೇಬಲ್ಲು ಹರಿದು ಸಾಗರದ ಪಾಲಾಯಿತು. 1866ರ ಜುಲೈ 27ರಂದು ಮತ್ತೊಂದು ಕೇಬಲ್ಲು ಆಚೆ ದಡ ಮುಟ್ಟಿತು. ಹಿಂದಿನ ವರ್ಷ ಕಳೆದುಹೋದುದನ್ನೂ ಸಾಗರದ ತಳದಿಂದ ಕೊಕ್ಕೆ ಹಾಕಿ ಎತ್ತಿ ಪೂರ್ತಿ ಮಾಡಿದರು. ಎರಡು ಕೇಬಲ್ಲುಗಳನ್ನೂ ಆಚೆಯ ದಡದಲ್ಲಿ ಒಂದಕ್ಕೊಂದು ಸೇರಿಸಿ, ಈಚೆಯ ದಡದಲ್ಲಿ ಹೊಲಿಗೆಯವರು ಬೆರಳಿಗೆ ಹಾಕುವ ಬೆಳ್ಳಿಯ ಅಂಗುಸ್ತಾನದಲ್ಲಿ ಚೂರು ಸತುವು, ಕೆಲವು ಹನಿ ಆಮ್ಲ ಹಾಕಿ ಮಾಡಿದ ವಿದ್ಯುತ್ಕೋಶದಿಂದ ಸಂಜ್ಞೆ ಕಳುಹಿಸಿ ನೋಡಿದರು. ಹೋಗಿ ಹಿಂದಿರುಗಿದ ಆ ಅಲ್ಪ ಮಿಡಿತಕ್ಕೂ ರೇಷ್ಮೆಯ ಎಳೆಯಲ್ಲಿ ತೂಗುತ್ತಿದ್ದ ಕನ್ನಡಿ ಸ್ಪಷ್ಟವಾಗಿ ಹೊರಳಿತು. 2000 ವೋಲ್ಟಿನ ಯಂತ್ರ ಮಾಡಲಾರದುದನ್ನು ಬೆರಳ ತುದಿಯಷ್ಟು ಕೋಶ ಮಾಡಿತು. ಅದೇ ವರ್ಷ ಥಾಮ್ಸನ್ನನಿಗೆ ಸರ್ ಪದವಿ ಬಂದಿತು. ನಾಲ್ಕು ವರ್ಷಗಳಲ್ಲಿ, ಎಂದರೆ 1870ರಲ್ಲಿ, ಸಾಗರದ ಕೇಬಲ್ಲು ಮುಂಬಯಿಯನ್ನೂ ಮುಟ್ಟಿತು.

ಆ ವರ್ಷವೇ ಮಾರ್ಗರೆಟ್ ತೀರಿಕೊಂಡಳು. ದುಃಖ ಮರೆಯಲೆಂಬಂತೆ ಅವನು ಹಾಯಿಹಡಗೊಂದನ್ನು ಕೊಂಡು ಸಮುದ್ರದ ಮೇಲೆ ಬಹುಕಾಲ ಕಳೆಯತೊಡಗಿದನು. ಅಲ್ಲಿಯೂ ಸುಮ್ಮನೆ ಕುಳಿತವನಲ್ಲ. ಸಮುದ್ರದ ಆಳ ನೋಡಲು ನಾವಿಕರು ಸೆಣಬಿನ ದಪ್ಪ ಹಗ್ಗಕ್ಕೆ ಗುಂಡು ಕಟ್ಟಿ ಬಿಡುತ್ತಿದ್ದರು. ಹಗ್ಗ ನೀರನ್ನು ಉಜ್ಜಿ ನಿಧಾನವಾಗಿ ಇಳಿಯುತ್ತಿತ್ತು. ಥಾಮ್ಸನ್ ಹಗ್ಗಕ್ಕೆ ಬದಲು ಪಿಯಾನೋ ವಾದ್ಯದ ಉಕ್ಕಿನ ತಂತಿಯನ್ನು ಬಳಸಿ, 1872ರಲ್ಲಿ 2700 ಮಾರು, ಎಂದರೆ ಸುಮಾರು ಐದು ಕಿಲೋಮೀಟರು ಆಳವನ್ನು ಅಳೆದನು. ವಾದ್ಯದ ತಂತಿ ಎಂದಾಗ ಚನ್ನಪಟ್ಟಣವನ್ನು ನೆನೆಯದಿರಲಾಗದು. ಇಂದು ಬಣ್ಣದ ಬೊಂಬೆಗಳಿಗೆ ಹೆಸರಾದ ಆ ಊರು ಒಂದು ಕಾಲಕ್ಕೆ ವಾದ್ಯಗಳ ಉಕ್ಕಿನ ತಂತಿಗೆ ದೇಶದಲ್ಲೆಲ್ಲ ಹೆಸರಾಗಿತ್ತು; 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಅದನ್ನು ಬರೆದಿಟ್ಟಿದ್ದಾನೆ. ತೆಳುವಾಗಿಯೂ ಗಟ್ಟಿಯಾಗಿಯೂ ಇರುವ ತಂತಿಯ ಬೆಲೆಯನ್ನು ಇಲ್ಲಿಯ ಕಮ್ಮಾರರು ಥಾಮ್ಸನ್ ಹುಟ್ಟುವ ಮೊದಲೇ ಅರಿತಿದ್ದರು.

ರೇಷ್ಮೆಯನ್ನು ಅವನು ಇನ್ನೊಮ್ಮೆ ಕೈಗೆತ್ತಿಕೊಂಡ ಕಥೆಯಲ್ಲಿ ಸ್ವಲ್ಪ ವಿನೋದವೂ ಇದೆ. 1874ರಲ್ಲಿ ಒಂದು ಮಾಸಪತ್ರಿಕೆಗೆ ನಾವಿಕರ ದಿಕ್ಸೂಚಿಯನ್ನು ಕುರಿತು ಲೇಖನ ಬರೆಯಲು ಒಪ್ಪಿಕೊಂಡನು. ಮೊದಲ ಭಾಗವನ್ನು ಬರೆದು ಕೊಟ್ಟ ಮೇಲೆ ದಿಕ್ಸೂಚಿಯಲ್ಲಿ ಎಷ್ಟು ದೋಷಗಳಿವೆ ಎಂಬುದು ಮನಸ್ಸಿಗೆ ಬಂದಿತು. ಕಬ್ಬಿಣದ ಹಡಗಿನಲ್ಲಿ ಅದು ದಾರಿ ತಪ್ಪಿಸುತ್ತಿತ್ತು. ಭಾರವಾದ ಸೂಜಿಗಳಿಂದಾಗಿ ಅಲೆಗಳ ಹೊಯ್ದಾಟದಲ್ಲಿ ನಿಲ್ಲುತ್ತಿರಲಿಲ್ಲ. ದೋಷವನ್ನು ತಿದ್ದದೆ ಎರಡನೆಯ ಭಾಗವನ್ನು ಬರೆಯಲು ಅವನಿಗೆ ಮನಸ್ಸಾಗಲಿಲ್ಲ. ಅಲ್ಯೂಮಿನಿಯಂ ಬಳೆಯೊಂದಕ್ಕೆ ರೇಷ್ಮೆಯ ದಾರಗಳನ್ನು ಗಾಲಿಯ ಅರೆಕಾಲುಗಳಂತೆ ಬಿಗಿದು, ಅವುಗಳಿಂದ ಎಂಟು ಪುಟ್ಟ ಸೂಜಿಗಳನ್ನು ತೂಗಿಬಿಟ್ಟು, ಹಿಂದಿನವುಗಳಿಗಿಂತ ಎಷ್ಟೋ ಹಗುರವಾದ ದಿಕ್ಸೂಚಿಯನ್ನು ನಿರ್ಮಿಸಿದನು. ಲೇಖನದ ಎರಡನೆಯ ಭಾಗ ಐದು ವರ್ಷಗಳ ತರುವಾಯ ಪ್ರಕಟವಾಯಿತು. ಬ್ರಿಟಿಷ್ ನೌಕಾಪಡೆ ಬಹುಕಾಲ ಹಿಂಜರಿದು 1889ರಲ್ಲಿ ಆ ದಿಕ್ಸೂಚಿಯನ್ನು ಅಂಗೀಕರಿಸಿತು.

1892ರಲ್ಲಿ ಅವನಿಗೆ ಲಾರ್ಡ್ ಪದವಿ ದೊರೆಯಿತು. ವಿಶ್ವವಿದ್ಯಾನಿಲಯದ ಪಕ್ಕದಲ್ಲಿ ಹರಿಯುವ ಕೆಲ್ವಿನ್ ಎಂಬ ಚಿಕ್ಕ ನದಿಯ ಹೆಸರನ್ನು ಅವನು ತನ್ನ ಬಿರುದಾಗಿ ಆರಿಸಿಕೊಂಡನು. ನಮ್ಮ ಜಗದೀಶಚಂದ್ರ ಬೋಸರು 1896ರಲ್ಲಿ ಇಂಗ್ಲೆಂಡಿನಲ್ಲಿ ತಮ್ಮ ವಿದ್ಯುತ್ ತರಂಗಗಳ ಉಪಕರಣವನ್ನು ತೋರಿಸಿದಾಗ ಮನಸಾರೆ ಮೆಚ್ಚಿದವರಲ್ಲಿ ಈ ವೃದ್ಧನೂ ಒಬ್ಬನು.

ಅವನು ಎಡವಿದ್ದೂ ಉಂಟು. ಕುದಿಯುವ ಗೋಳವಾಗಿದ್ದ ಭೂಮಿ ಕ್ರಮೇಣ ತಣಿಯಿತೆಂದು ಇಟ್ಟುಕೊಂಡು, ಅದೇ ಫೂರ್ಯೇಯ ಗಣಿತದಿಂದ ಭೂಮಿಯ ವಯಸ್ಸನ್ನು ಲೆಕ್ಕ ಹಾಕಿದನು. ಮುದಿತನದಲ್ಲಿ ಅವನು ನಿರ್ಧರಿಸಿದ ವಯಸ್ಸು ಎರಡು ಕೋಟಿಯಿಂದ ನಾಲ್ಕು ಕೋಟಿ ವರ್ಷ. ಬಂಡೆಗಳನ್ನು ಅಭ್ಯಸಿಸಿದ ಭೂವಿಜ್ಞಾನಿಗಳು ಇಷ್ಟು ಕಾಲ ಸಾಲದೆಂದರೂ ಅವನು ಜಗ್ಗಲಿಲ್ಲ. ಗಣಿತದಲ್ಲಿ ತಪ್ಪಿರಲಿಲ್ಲ. ಭೂಮಿಯ ಒಡಲಿನ ಬಗ್ಗೆ ಅವನು ಊಹಿಸಿಕೊಂಡ ಸಂಗತಿಗಳೇ ಸರಿಯಿರಲಿಲ್ಲ. ಒಳಗಿನ ವಿಕಿರಣ ಧಾತುಗಳು ಹೊಸದಾಗಿ ಶಾಖ ಹುಟ್ಟಿಸುತ್ತವೆ ಎಂಬುದೂ ಅವನ ಲೆಕ್ಕದಲ್ಲಿರಲಿಲ್ಲ. ರಾಮನಗರದ ಸುತ್ತ ಗುಡ್ಡಗುಡ್ಡವಾಗಿ ನಿಂತಿರುವ ಬಂಡೆಗಳಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ. ವಿದ್ಯುತ್ ಸಾಗಣೆಯಲ್ಲಿಯೂ ಅವನು ಬಹುಕಾಲ ಏಕಮುಖ ಪ್ರವಾಹದ ಪಕ್ಷ ಹಿಡಿದಿದ್ದನು. ಪರ್ಯಾಯ ಪ್ರವಾಹವೇ ಗೆದ್ದಿತು. ಕನಕಪುರದ ನೆರೆಯ ಕಾವೇರಿ ಕಣಿವೆಯಲ್ಲಿ, ಶಿವನಸಮುದ್ರದಿಂದ 1902ರಲ್ಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿದುದು ಪರ್ಯಾಯ ಪ್ರವಾಹವೇ. ಆಗ ಕೆಲ್ವಿನ್ ಇನ್ನೂ ಬದುಕಿದ್ದನು.

1896ರಲ್ಲಿ ಅವನು ಪ್ರಾಧ್ಯಾಪಕನಾಗಿ ಐವತ್ತು ವರ್ಷ ತುಂಬಿದಾಗ ಲೋಕದ ಮೂಲೆಮೂಲೆಗಳಿಂದ ವಿದ್ವಾಂಸರು ಗ್ಲಾಸ್ಗೋದಲ್ಲಿ ಸೇರಿದರು. ಹೊಗಳಿಕೆಯ ಹೊಳೆಯೇ ಹರಿಯಿತು. ಉತ್ತರವಾಗಿ ಎದ್ದು ನಿಂತ ಮುದುಕನು, ಇಷ್ಟು ವರ್ಷಗಳ ತನ್ನ ಪ್ರಯತ್ನವನ್ನು ಸೋಲು ಎಂಬ ಒಂದೇ ಪದದಲ್ಲಿ ಹೇಳಬಹುದೆಂದನು. ವಿದ್ಯುತ್ತು, ಕಾಂತ, ದ್ರವ್ಯಗಳ ಒಳಗುಟ್ಟು ತನಗೆ ಮೊದಲ ದಿನಕ್ಕಿಂತ ಹೆಚ್ಚಾಗಿ ತಿಳಿದಿಲ್ಲವೆಂಬುದು ಅವನ ಕೊರಗು. 1899ರಲ್ಲಿ ನಿವೃತ್ತನಾದವನು ಅದೇ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿಕೊಂಡನು. 1907ರ ಡಿಸೆಂಬರ್ 17ರಂದು ಕಾಲವಾದನು. ಅವನ ದೇಹವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ನ್ಯೂಟನ್ನನ ಸಮಾಧಿಯ ಬಳಿ ಇಟ್ಟರು.

ಎಳೆದ ತಂತಿಯ ಪ್ರಯೋಗ ಮಾತ್ರ ಆಗಲೂ ಪುಸ್ತಕದ ಪುಟಗಳಲ್ಲಿ ನಿದ್ರಿಸುತ್ತಿತ್ತು. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರು ಒಬ್ಬರನ್ನೊಬ್ಬರು ಅರಿಯದೆ ಅದನ್ನು ಎಚ್ಚರಿಸಿದರು. ತೆಳು ತಂತಿಯನ್ನು ಲೋಹಕ್ಕೆ ಅಂಟಿಸಿದರೆ ಲೋಹದ ಮೇಲೆ ಬೀಳುವ ಬಲವನ್ನು ಅಳೆಯಬಹುದೆಂದು ತೋರಿಸಿದರು. ವಿಮಾನದ ರೆಕ್ಕೆಗೆ, ಸೇತುವೆಯ ತೊಲೆಗೆ, ಲಾರಿ ತೂಗುವ ಕಟ್ಟೆಗೆ, ಅಂಗಡಿಯ ತಕ್ಕಡಿಗೆ ಆ ಎಳೆ ಹೊಕ್ಕಿತು.

ಈಗ ಅದು ಲೋಹವನ್ನು ಬಿಟ್ಟು ಬಟ್ಟೆಗೆ ಬಂದಿದೆ. ಬೆಳ್ಳಿ ಅಥವಾ ಇಂಗಾಲ ಲೇಪಿಸಿದ ನೂಲನ್ನು ಹೆಣೆದು ಕೈಚೀಲ ಮಾಡಿದರೆ, ಬೆರಳು ಮಡಿಸಿದಾಗ ನೂಲು ಹಿಗ್ಗಿ, ರೋಧ ಬದಲಾಗಿ, ಯಾವ ಬೆರಳು ಎಷ್ಟು ಬಾಗಿತೆಂದು ತಿಳಿಸುತ್ತದೆ. ಕಾಲುಚೀಲದಲ್ಲಿ ಹೆಣೆದರೆ ಪಾದದ ಯಾವ ಭಾಗಕ್ಕೆ ಭಾರ ಹೆಚ್ಚು ಬೀಳುತ್ತಿದೆ ಎಂದು ಕಾಣಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಅದು ಬೇಕಾದ ಸುದ್ದಿ. ರಬ್ಬರಿನಂಥ ಮೆದು ವಸ್ತುವಿನಿಂದ ಮಾಡಿದ ಯಂತ್ರಮಾನವನ ಬೆರಳಿಗೆ ಇಂಥ ನೂಲು ಸುತ್ತಿದರೆ, ಟೊಮ್ಯಾಟೊ ಹಣ್ಣನ್ನು ಜಜ್ಜದೆ ಎತ್ತಿಡುವಷ್ಟು ಹದ ಅದಕ್ಕೆ ತಿಳಿಯುತ್ತದೆ. ತೊಂದರೆಗಳು ಇನ್ನೂ ಇವೆ. ಒಗೆದರೆ ಲೇಪ ಕಿತ್ತುಬರುತ್ತದೆ, ಬೆವರು ತಗುಲಿದರೆ ಅಳತೆ ತಪ್ಪುತ್ತದೆ, ಹಿಗ್ಗಿದ ನೂಲು ಮೊದಲಿನ ಸ್ಥಿತಿಗೆ ಮರಳಲು ಹೊತ್ತು ಹಿಡಿಯುತ್ತದೆ. ರೇಷ್ಮೆಯ ಬಟ್ಟೆಯನ್ನೇ ಗಾಳಿಯಿಲ್ಲದ ಕುಲುಮೆಯಲ್ಲಿ ಹದವಾಗಿ ಕಾಸಿ ಇಂಗಾಲವಾಗಿಸಿ, ವಿದ್ಯುತ್ತು ಹರಿಯುವಂತೆ ಮಾಡಿ, ರಬ್ಬರಿನಂಥ ಪದರದಲ್ಲಿ ಹುದುಗಿಸಿ, ಮೈಗೆ ಅಂಟಿಸಿ ನಾಡಿಯ ಬಡಿತವನ್ನು ಅಳೆದ ವಿಜ್ಞಾನಿಗಳೂ ಇದ್ದಾರೆ. ಕೆಲ್ವಿನ್ನನ ಪ್ರಯೋಗಶಾಲೆಯಲ್ಲಿ ಬಲವನ್ನು ಹೇಳಿದುದು ತಂತಿ, ಭಾರವನ್ನು ಹೊತ್ತುದು ರೇಷ್ಮೆ. ಈ ಬಟ್ಟೆಯಲ್ಲಿ ಎರಡು ಕೆಲಸವನ್ನೂ ರೇಷ್ಮೆಯ ಎಳೆಯೇ ಮಾಡುತ್ತದೆ.